ಸೋಮವಾರದ ಮಾತ್ರೆ, ಸಿನಿಮಾದ ತಲೆಸುತ್ತು

ಬೋಧನಾಭ್ಯಾಸಕ್ಕೆ ನಮ್ಮ ತಂಡದ ಆರು ಮಂದಿಯನ್ನು ಹಾಕಿದ್ದು ತಾಲ್ಲೂಕು ಕೇಂದ್ರದಿಂದ ಹದಿನಾಲ್ಕು ಕಿಲೋಮೀಟರ್ ದೂರದ ಒಂದು ಸರ್ಕಾರಿ ಪ್ರೌಢಶಾಲೆಗೆ. ಮೊದಲ ವಾರ ವೀಕ್ಷಣೆ, ಎರಡನೇ ವಾರದಿಂದ ಪಾಠ ಎಂದು ಹೇಳಿದ್ದರು. ಆದರೆ ಮೊದಲ ಸೋಮವಾರವೇ ನನಗೊಂದು ಕೆಲಸ ಬಂತು. ಬಿಸಿಯೂಟ ಮುಗಿದ ಮೇಲೆ ಮಕ್ಕಳಿಗೆಲ್ಲ ನೀಲಿ ಬಣ್ಣದ ಮಾತ್ರೆ ಹಂಚಿ ವಹಿಯಲ್ಲಿ ಟಿಕ್ ಹಾಕುವ ಕೆಲಸ. "ನುಂಗೋದನ್ನ ಎದುರಿಗೆ ನಿಂತು ನೋಡಿ ಮೇಡಂ, ಇಲ್ಲಾಂದ್ರೆ ಕಾಂಪೌಂಡ್ ಆಚೆ ಎಸೀತಾರೆ" ಎಂದು ಅಲ್ಲಿನ ಶಿಕ್ಷಕರೊಬ್ಬರು ಎಚ್ಚರಿಸಿದರು. ನಿಂತು ನೋಡಿದೆ. ಎಲ್ಲರೂ ನುಂಗಿದರು. ನೂರಾ ಹನ್ನೆರಡು ಟಿಕ್ ಬಿದ್ದವು. ಸಂಜೆ ಬಸ್ಸಿಗೆ ಹೊರಟಾಗ ಕೈ ತೊಳೆಯುವ ನಲ್ಲಿಗಳ ಕೆಳಗಿನ ಚರಂಡಿಯತ್ತ ಕಣ್ಣು ಹೋಯಿತು. ಅಲ್ಲಿ ಬಣ್ಣ ಬಿಟ್ಟುಕೊಂಡು ಅರ್ಧ ಕರಗಿದ ನೀಲಿ ಮಾತ್ರೆಗಳಿದ್ದವು. ಎಷ್ಟಿದ್ದವು ಎಂದು ಎಣಿಸಲಿಲ್ಲ. ವಹಿಯಲ್ಲಿ ಟಿಕ್ ಹಾಕಿದ್ದವಳು ನಾನೇ ಆದ್ದರಿಂದ ಎಣಿಸುವ ಧೈರ್ಯವೂ ಇರಲಿಲ್ಲ.

ಈ ಸಂಚಿಕೆಗೆ ಪ್ರಚಲಿತ ವಿದ್ಯಮಾನದ ಮೇಲೆ ಸ್ವಂತ ಅಭಿಪ್ರಾಯ ಬರೆಯಿರಿ ಎಂದಾಗ ನನ್ನ ಸಹಪಾಠಿಗಳು ಚುನಾವಣೆ, ಕೃತಕ ಬುದ್ಧಿಮತ್ತೆ, ಕ್ರಿಕೆಟ್ ಎಂದು ಒಂದೊಂದನ್ನು ಹಿಡಿದರು. ನನಗೆ ಆ ಚರಂಡಿಯನ್ನು ಬಿಟ್ಟು ಬೇರೇನೂ ತಲೆಗೆ ಬರಲಿಲ್ಲ. ಆರೋಗ್ಯ ನೀತಿ ಎಂದರೆ ಪತ್ರಿಕೆಗಳಲ್ಲಿ ಆಸ್ಪತ್ರೆ ಕಟ್ಟಡ, ವಿಮೆಯ ಕಾರ್ಡು, ಕೋಟಿಗಳ ಲೆಕ್ಕ. ಶಾಲೆಯಲ್ಲಿ ಅದೇ ನೀತಿ ಒಂದು ಮಾತ್ರೆಯಾಗಿ, ಒಂದು ವಹಿಯಾಗಿ ಬರುತ್ತದೆ. ಅದು ಯಾಕೆ ಎಂಬ ಮಾತು ಮಾತ್ರ ಜೊತೆಗೆ ಬರುವುದಿಲ್ಲ. ಬಾರದ ಆ ಮಾತನ್ನು ಮಕ್ಕಳು ಸಿನಿಮಾ, ಧಾರಾವಾಹಿ, ರೀಲ್ಸ್‌ಗಳಿಂದ ತುಂಬಿಕೊಳ್ಳುತ್ತಾರೆ. ಎರಡರ ನಡುವೆ ನಿಂತಿರುವವರು ವಿಜ್ಞಾನ ಶಿಕ್ಷಕರು. ಅವರೂ, ನಾಳೆ ಅವರ ಜಾಗಕ್ಕೆ ಹೋಗಲಿರುವ ನಾವೂ ಸುಮ್ಮನಿದ್ದೇವೆ. ಈ ಸುಮ್ಮನಿರುವಿಕೆ ಮಾತ್ರೆಯ ಕೊರತೆಗಿಂತ ದೊಡ್ಡ ಸಮಸ್ಯೆ ಎಂಬುದು ನನ್ನ ಅಭಿಪ್ರಾಯ.

ಮೂರನೇ ವಾರ ಒಂದು ಘಟನೆ ನಡೆಯಿತು. ಬೆಳಗಿನ ಪ್ರಾರ್ಥನೆಯಲ್ಲಿ ವಾರ್ತಾವಾಚನ ನಡೆಯುತ್ತಿತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ನಿಂತಲ್ಲೇ ಕುಸಿದಳು. ನೆರಳಿಗೆ ಕರೆದುಕೊಂಡು ಹೋಗಿ ನೀರು ಕುಡಿಸಿದೆವು, ಐದು ನಿಮಿಷಕ್ಕೆ ಎದ್ದು ಕೂತಳು. ಬೆಳಿಗ್ಗೆ ಏನು ತಿಂದೆ ಎಂದರೆ "ಟೀ ಕುಡಿದಿದ್ದೆ ಮಿಸ್" ಅಂದಳು. ಅಷ್ಟರಲ್ಲಿ ಹುಡುಗರ ಸಾಲಿನ ಹಿಂದಿನಿಂದ ಯಾರೋ "ಸಿಹಿ ಸುದ್ದಿ" ಅಂದರು. ಒಂದು ಸಾಲು ಪೂರ್ತಿ ನಕ್ಕಿತು. ಶಿಕ್ಷಕರೊಬ್ಬರು ಗದರಿಸಿದರು, ನಗು ನಿಂತಿತು. ಆ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ.

ಆ ಹುಡುಗನನ್ನು ಕೆಟ್ಟವನು ಎಂದು ಬಿಡುವುದು ಸುಲಭ. ಅವನಿಗೆ ಆ ಮಾತು ಎಲ್ಲಿಂದ ಬಂತು ಎಂದು ಯೋಚಿಸಿದೆ. ನಮ್ಮ ಸಿನಿಮಾಗಳಲ್ಲಿ ಹೆಂಗಸು ತಲೆ ಸುತ್ತಿ ಬಿದ್ದರೆ ಅದಕ್ಕೆ ಒಂದೇ ಕಾರಣ. ಡಾಕ್ಟರು ಬರುತ್ತಾರೆ, ನಾಡಿ ಹಿಡಿದು ನೋಡುತ್ತಾರೆ, ಕನ್ನಡಕ ತೆಗೆದು ನಗುತ್ತಾರೆ, ಅತ್ತೆ ಸಕ್ಕರೆ ಡಬ್ಬಿ ತರಲು ಓಡುತ್ತಾಳೆ. ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. ನಮ್ಮ ಅಜ್ಜಿಯ ಕಾಲದ ಕಪ್ಪುಬಿಳುಪು ಚಿತ್ರದಲ್ಲೂ ಇದೇ, ಈಗಿನ ಸಂಜೆಯ ಧಾರಾವಾಹಿಯಲ್ಲೂ ಇದೇ. ನೂರು ಸಲ ಇದನ್ನೇ ನೋಡಿದ ಮಗು ಏನು ಕಲಿಯುತ್ತದೆ? ಹೆಣ್ಣು ತಲೆ ಸುತ್ತಿ ಬಿದ್ದರೆ ಬಸಿರು ಎಂದು ಕಲಿಯುತ್ತದೆ. ಹಾಗಾಗಿ ನಿಜವಾಗಿ ತಲೆ ಸುತ್ತುವ ಹುಡುಗಿ ಬಾಯಿ ಬಿಡುವುದಿಲ್ಲ. ಗೋಡೆ ಹಿಡಿದು ನಿಲ್ಲುತ್ತಾಳೆ, ಪಿ.ಟಿ. ತರಗತಿಯಲ್ಲಿ ಹೊಟ್ಟೆನೋವು ಎಂದು ಕೂರುತ್ತಾಳೆ, ಮನೆಯಲ್ಲೂ ಹೇಳುವುದಿಲ್ಲ. ಗಂಡಸು ಸಿನಿಮಾದಲ್ಲಿ ತಲೆ ಸುತ್ತಿ ಬಿದ್ದರೆ ಮಾತ್ರ ಅದು ಕಾಯಿಲೆ, ಅದೂ ಎರಡನೆಯ ಅರ್ಧದಲ್ಲಿ, ಹಿಂದೆ ಪಿಟೀಲು ಬಾರಿಸುತ್ತಿರುವಾಗ.

ರಕ್ತದ ವಿಷಯದಲ್ಲಂತೂ ಸಿನಿಮಾ ನಮಗೆ ಕಲಿಸಿರುವ ವಿಜ್ಞಾನ ಬೇರೆಯೇ. 1977ರ 'ಅಮರ್ ಅಕ್ಬರ್ ಆಂಥೋನಿ' ಹಿಂದಿ ಚಿತ್ರದ ಆರಂಭದಲ್ಲಿ ಮೂವರು ಮಕ್ಕಳು ಸಾಲಾಗಿ ಮಲಗಿ ತಾಯಿಗೆ ಒಟ್ಟಿಗೇ ರಕ್ತ ಕೊಡುವ ದೃಶ್ಯವಿದೆ. ಗುರುತ್ವದ ನಿಯಮವನ್ನೂ ಮೀರಿ ಅದು ಮೇಲಕ್ಕೆ ಹರಿಯುತ್ತದೆ. ಅದನ್ನು ನೋಡಿ ನಾನೂ ಕಣ್ಣೀರು ಹಾಕಿದವಳೇ. ತಮಾಷೆಯಾಗಿ ಬಿಟ್ಟುಬಿಡಬಹುದಾದ ದೃಶ್ಯ ಅದು, ಅದರಿಂದ ಯಾರಿಗೂ ತೊಂದರೆಯಿಲ್ಲ. ತಲೆಸುತ್ತಿನ ದೃಶ್ಯ ಹಾಗಲ್ಲ. ಅದಕ್ಕೆ ಬೆಲೆ ತೆರುವವಳು ಒಂಬತ್ತನೇ ತರಗತಿಯ ಹುಡುಗಿ.

ಪರದೆಯಿಂದ ಒಳ್ಳೆಯದು ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಚಿತ್ರಮಂದಿರಗಳಲ್ಲಿ ತಂಬಾಕಿನ ಎಚ್ಚರಿಕೆಯ ತುಣುಕನ್ನು ಕಡ್ಡಾಯವಾಗಿ ತೋರಿಸಬೇಕೆಂಬ ನಿಯಮ 2012ರ ಅಕ್ಟೋಬರ್ 2ರಿಂದ ಜಾರಿಗೆ ಬಂತು. ಮೂವತ್ತು ಸೆಕೆಂಡು ಚಿತ್ರದ ಆರಂಭದಲ್ಲಿ, ಮೂವತ್ತು ಸೆಕೆಂಡು ಮಧ್ಯಂತರದ ನಂತರ. 2023ರಲ್ಲಿ ಅದನ್ನು ಒಟಿಟಿಗೂ ವಿಸ್ತರಿಸಿದರು. ಆ ಧ್ವನಿಯನ್ನು ಅನುಕರಿಸಿ ತೋರಿಸು ಎಂದರೆ ನಮ್ಮ ತರಗತಿಯ ಅರ್ಧ ಮಕ್ಕಳು ಎದ್ದು ನಿಲ್ಲುತ್ತಾರೆ. ನಗುತ್ತಲೇ ಮಾಡುತ್ತಾರೆ, ನಿಜ. ಆದರೆ ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂಬುದು ತಿಳಿಯದ ಒಂದು ಮಗುವೂ ಸಿಗಲಿಲ್ಲ. (ಅದೇ ಪರದೆಯ ದೊಡ್ಡ ನಟರು ಅದೇ ಕಂಪನಿಗಳ ಏಲಕ್ಕಿ ಜಾಹೀರಾತಿನಲ್ಲಿ ಬರುತ್ತಾರೆ ಎಂಬುದು ಬೇರೆ ಲೇಖನದ ವಿಷಯ.) 2018ರಲ್ಲಿ 'ಪ್ಯಾಡ್‌ಮ್ಯಾನ್' ಬಂದ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ ಒಂದು ವಸ್ತುವಿನ ಹೆಸರನ್ನು ಬಾಯಿ ಬಿಟ್ಟು ಹೇಳುವುದು ಸ್ವಲ್ಪ ಸಲೀಸಾಯಿತು. ಹಾಗಾದರೆ ರಕ್ತಹೀನತೆಗೆ ಮೂವತ್ತು ಸೆಕೆಂಡು ಯಾಕಿಲ್ಲ? ಅದರಲ್ಲಿ ಖಳನಾಯಕನಿಲ್ಲ, ಹೊಗೆಯಿಲ್ಲ, ಗಾಯದ ಭಯಾನಕ ಚಿತ್ರವಿಲ್ಲ. ಸುಸ್ತು ಎನ್ನುವುದು ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಸುದ್ದಿವಾಹಿನಿಗಳ ಕಥೆಯೂ ಇಷ್ಟೇ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕ ಭಾಗದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ನಡೆದ ಪರ-ವಿರೋಧದ ವಾಗ್ವಾದ ಎಲ್ಲರಿಗೂ ನೆನಪಿರಬೇಕು. ಆ ಚರ್ಚೆಯಲ್ಲಿ ಧರ್ಮ ಬಂತು, ಆಹಾರದ ಹಕ್ಕು ಬಂತು, ಬಾಳೆಹಣ್ಣು-ಚಿಕ್ಕಿ ಬಂತು. ಮಕ್ಕಳ ರಕ್ತದಲ್ಲಿ ಏನು ಕಡಿಮೆಯಿದೆ, ಯಾಕೆ ಕಡಿಮೆಯಿದೆ ಎಂಬ ಮಾತು ಕಿರುಚಾಟದಲ್ಲಿ ಮುಳುಗಿಹೋಯಿತು. ಚರ್ಚೆಯೂ ಒಂದು ಮನರಂಜನೆಯೇ ಆಗಿಬಿಟ್ಟಿತು.

ಈಗ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಹದಿಹರೆಯದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮ ದೇಶದಲ್ಲಿ ಆರಂಭವಾಗಿದ್ದು 2012–13ರ ಸುಮಾರಿಗೆ. 2018ರ 'ಅನೀಮಿಯಾ ಮುಕ್ತ ಭಾರತ' ಅದನ್ನು ಒಳಗೊಂಡು ವಿಸ್ತರಿಸಿತು. 5ರಿಂದ 9 ವರ್ಷದವರಿಗೆ ಗುಲಾಬಿ ಮಾತ್ರೆ, 10ರಿಂದ 19 ವರ್ಷದವರಿಗೆ ನೀಲಿ. ನೀಲಿ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಜೊತೆಗೆ ವರ್ಷಕ್ಕೆರಡು ಬಾರಿ ಜಂತುಹುಳುವಿನ ಮಾತ್ರೆ, ಯಾಕೆಂದರೆ ಕೊಕ್ಕೆಹುಳು ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ನಮ್ಮ ರಾಜ್ಯದಲ್ಲಿ ಇದರ ಮೇಲೆ ಬಿಸಿಯೂಟ ಹತ್ತನೇ ತರಗತಿಯವರೆಗೂ ಇದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ, ಈಗ ಮೊಟ್ಟೆಯಿದೆ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ವ್ಯವಸ್ಥೆಯನ್ನು ನಾನು ಕಲ್ಪಿಸಲಾರೆ. ಮಾತ್ರೆಯನ್ನು ಊಟದ ನಂತರ ಕೊಡಬೇಕು ಎಂಬ ಸೂಚನೆಯೂ ಸರಿಯಾಗಿದೆ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಟೀ, ಕಾಫಿ, ಹಾಲಿನ ಜೊತೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿಯ ಜೊತೆ ಹೋದರೆ ಚೆನ್ನಾಗಿ ಹೀರಲ್ಪಡುತ್ತದೆ. ಇದೆಲ್ಲ ಶುದ್ಧ ರಸಾಯನ ವಿಜ್ಞಾನ, ನಾನು ಪದವಿಯಲ್ಲಿ ಓದಿದ್ದು. ಆದರೆ ಅನುಕೂಲಕ್ಕೆಂದು ಬೆಳಿಗ್ಗೆಯೇ ಹಂಚಿ ಮುಗಿಸುವ ಶಾಲೆಗಳ ಬಗ್ಗೆ ನಮ್ಮ ಬೇರೆ ತಂಡಗಳವರು ಹೇಳಿದ್ದಾರೆ. ಅಂಥ ದಿನ ಎರಡು ಮಕ್ಕಳು ವಾಂತಿ ಮಾಡಿಕೊಂಡರೆ ಮರುದಿನ 'ಮಾತ್ರೆ ನುಂಗಿ ಮಕ್ಕಳು ಅಸ್ವಸ್ಥ' ಎಂಬ ಸುದ್ದಿ ಬರುತ್ತದೆ, ಮುಂದಿನ ಸೋಮವಾರ ಯಾರೂ ನುಂಗುವುದಿಲ್ಲ.

ಮಕ್ಕಳು ಯಾಕೆ ಉಗುಳುತ್ತಾರೆ ಎಂದು ನಾನು ಕೇಳಿದ್ದು ಪಾಠದ ಅವಧಿಯಲ್ಲಲ್ಲ, ಊಟದ ಪಡಸಾಲೆಯಲ್ಲಿ. ಉತ್ತರಗಳು ಒಂದರ ಹಿಂದೆ ಒಂದು ಬಂದವು. ಕಬ್ಬಿಣದ ವಾಸನೆ. ನುಂಗಿದರೆ ಮೈ ಕಪ್ಪಗಾಗುತ್ತದಂತೆ. ಮುಂದೆ ಮಕ್ಕಳಾಗುವುದಿಲ್ಲವಂತೆ. ಸರ್ಕಾರ ಬಿಟ್ಟಿ ಕೊಡುವ ಮಾತ್ರೆ ಹಳೆಯದಂತೆ. ಇವೆಲ್ಲ ನಿರೀಕ್ಷಿತವೇ. ಆಮೇಲೆ ಒಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, "ಮಿಸ್, ಅದನ್ನ ನುಂಗಿದ ಮಾರನೇ ದಿನ ಕಕ್ಕಸು ಕಪ್ಪಗೆ ಆಗುತ್ತೆ. ಒಳಗೆ ಏನೋ ಆಗಿದೆ ಅಂತ ಹೆದರಿ ಬಿಟ್ಟೆ" ಅಂದಳು. ಅವಳು ಎರಡು ವರ್ಷದಿಂದ ನುಂಗಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುವುದು ಸಹಜ, ಹೀರಲ್ಪಡದ ಕಬ್ಬಿಣ ಹೊರಗೆ ಹೋಗುವ ಬಗೆ ಅದು. ಒಂದು ವಾಕ್ಯ ಸಾಕಿತ್ತು. ಆ ಒಂದು ವಾಕ್ಯವನ್ನು ಎರಡು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ತರಗತಿಯಲ್ಲಿ ಆ ಪದ ಆಡುವುದು ಹೇಗೆ ಎಂಬ ಸಂಕೋಚ ನಮಗೆ. ವಿಸರ್ಜನಾಂಗವ್ಯೂಹದ ಚಿತ್ರ ಬರೆಸುತ್ತೇವೆ, ಭಾಗಗಳನ್ನು ಗುರುತಿಸಲು ಅಂಕ ಕೊಡುತ್ತೇವೆ, ಅಷ್ಟೇ.

ಮೌನದ ಇನ್ನೊಂದು ತುದಿ ಇನ್ನೂ ಕಹಿ. 2023ರ ಮಾರ್ಚ್‌ನಲ್ಲಿ ಊಟಿಯ ಒಂದು ಶಾಲೆಯಲ್ಲಿ ಮಕ್ಕಳು ಯಾರು ಹೆಚ್ಚು ನುಂಗುತ್ತಾರೆ ಎಂದು ಪಂದ್ಯ ಕಟ್ಟಿ ಇದೇ ಕಬ್ಬಿಣಾಂಶದ ಮಾತ್ರೆಗಳನ್ನು ನುಂಗಿದರು. ಎಂಟನೇ ತರಗತಿಯ ಒಬ್ಬ ಹುಡುಗಿ ಪ್ರಾಣ ಕಳೆದುಕೊಂಡಳು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕೆ ಇಲ್ಲ, ಅದು ಯಕೃತ್ತಿಗೆ ವಿಷವಾಗುತ್ತದೆ. 'ಒಳ್ಳೆಯದು, ನುಂಗು' ಎಂದಷ್ಟೇ ಹೇಳಿದರೆ, ಒಂದು ಒಳ್ಳೆಯದಾದರೆ ಹತ್ತು ಇನ್ನೂ ಒಳ್ಳೆಯದು ಎಂದು ಮಗು ಲೆಕ್ಕ ಹಾಕಿದರೆ ಅದು ಮಗುವಿನ ತಪ್ಪಲ್ಲ. ಒಂದು ಕಡೆ ಚರಂಡಿಗೆ ಹೋಗುವ ಮಾತ್ರೆ, ಇನ್ನೊಂದು ಕಡೆ ಪಂದ್ಯಕ್ಕೆ ಹೋಗುವ ಮಾತ್ರೆ. ಎರಡಕ್ಕೂ ಮೂಲ, ಹೇಳಬೇಕಾದ್ದನ್ನು ಹೇಳದೆ ಇದ್ದದ್ದು.

ಅಂಕಿಅಂಶದ ಬಗ್ಗೆಯೂ ಒಂದು ಮಾತು, ಯಾಕೆಂದರೆ ನಮ್ಮ ಉಪನ್ಯಾಸಕರು ಕೇಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ ಶೇ 59ರಷ್ಟು, ಹುಡುಗರಲ್ಲಿ ಶೇ 31ರಷ್ಟು ಮಂದಿಗೆ ರಕ್ತಹೀನತೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಹುಡುಗಿಯರದ್ದು ಶೇ 54 ಇತ್ತು. ಮಾತ್ರೆ ಕೊಡುತ್ತಲೇ ಇದ್ದೇವೆ, ಸಂಖ್ಯೆ ಏರಿದೆ. ಆದರೆ 2016–18ರಲ್ಲಿ ನಡೆದ ಮಕ್ಕಳ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 10–19 ವಯಸ್ಸಿನ ಹುಡುಗಿಯರಲ್ಲಿ ಸುಮಾರು ಶೇ 40, ಹುಡುಗರಲ್ಲಿ ಶೇ 18 ಎಂದು ಬಂತು. ವಯಸ್ಸಿನ ಗುಂಪು ಬೇರೆ, ಅಳೆದ ರೀತಿಯೂ ಬೇರೆ. ಒಂದರಲ್ಲಿ ಬೆರಳ ತುದಿ ಚುಚ್ಚಿ ತೆಗೆದ ಹನಿ, ಇನ್ನೊಂದರಲ್ಲಿ ರಕ್ತನಾಳದಿಂದ ತೆಗೆದ ರಕ್ತ. ಬೆರಳ ಹನಿಯ ಅಳತೆ ಎಷ್ಟು ನಂಬಿಕೆಗೆ ಅರ್ಹ ಎಂಬ ಚರ್ಚೆ ಬೆಳೆದು, ಮುಂದಿನ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ರಕ್ತಹೀನತೆಯ ಅಳತೆಯನ್ನೇ ತೆಗೆದು ಬೇರೆ ಸಮೀಕ್ಷೆಗೆ ವಹಿಸುವ ತೀರ್ಮಾನವಾಯಿತು. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದಲೇ ಬರುವುದಿಲ್ಲ, ಬಿ12, ಫೋಲೇಟ್ ಕೊರತೆಯ ಪಾಲೂ ಇದೆ ಎಂಬ ತಕರಾರೂ ನ್ಯಾಯವಾದದ್ದೇ. ಈ ಚರ್ಚೆ ನನಗೆ ಇಷ್ಟವಾಯಿತು. ಅಳತೆ ಬದಲಾದರೆ ಸತ್ಯ ಹೇಗೆ ಬೇರೆ ಕಾಣುತ್ತದೆ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ಇಲ್ಲ. ಆದರೂ ಶೇ 59 ಹೋಗಿ 40 ಆದರೆ ಸಮಾಧಾನ ಪಡಬೇಕೆ? ನಲವತ್ತು ಎಂದರೂ ಹತ್ತು ಹುಡುಗಿಯರ ಬೆಂಚುಗಳಲ್ಲಿ ನಾಲ್ವರು.

ನನ್ನ ಸಂಖ್ಯೆಯನ್ನೂ ಹೇಳಿಬಿಡುತ್ತೇನೆ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಕಾಲೇಜಿನ ರಕ್ತದಾನ ಶಿಬಿರದಲ್ಲಿ ಉತ್ಸಾಹದಿಂದ ಸಾಲಿನಲ್ಲಿ ನಿಂತಿದ್ದೆ. ರಕ್ತ ಕೊಡಲು 12.5 ಗ್ರಾಂ ಹಿಮೋಗ್ಲೋಬಿನ್ ಬೇಕು. ನನ್ನದು 10.4. ಬಿಸ್ಕತ್ತು ಕೊಟ್ಟು ವಾಪಸ್ ಕಳಿಸಿದರು. ಹಿಮೋಗ್ಲೋಬಿನ್ ಅಣುವಿನ ನಾಲ್ಕು ಸರಪಳಿ, ನಡುವಿನ ಕಬ್ಬಿಣದ ಪರಮಾಣು, ಅದಕ್ಕೆ ಆಮ್ಲಜನಕ ಅಂಟಿಕೊಳ್ಳುವ ಬಗೆ ಎಲ್ಲವನ್ನೂ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ನಾನು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನನ್ನ ಸೋಮಾರಿತನ ಎಂದೇ ಅಲ್ಲಿಯವರೆಗೂ ತಿಳಿದಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ಬೋಧನಾಭ್ಯಾಸದಲ್ಲಿ ನಾನು ಮಾಡಿದ್ದೇನು? ಹತ್ತನೇ ತರಗತಿಯನ್ನು ಫಲಿತಾಂಶದ ಭಯದಿಂದ ಸಾಮಾನ್ಯವಾಗಿ ಪ್ರಶಿಕ್ಷಣಾರ್ಥಿಗಳಿಗೆ ಕೊಡುವುದಿಲ್ಲ. ವಿಜ್ಞಾನದ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ 'ಜೀವಕ್ರಿಯೆಗಳು' ಅಧ್ಯಾಯದ ಸಾಗಾಣಿಕೆಯ ಭಾಗ ನನ್ನ ಪಾಲಿಗೆ ಬಂತು. ಥರ್ಮಾಕೋಲಿನಲ್ಲಿ ಹೃದಯದ ಮಾದರಿ ಮಾಡಿದೆ, ಕೆಂಪು-ನೀಲಿ ಪೈಪುಗಳನ್ನು ಅಂಟಿಸಿದೆ. ವೀಕ್ಷಣೆಗೆ ಬಂದ ಮಾರ್ಗದರ್ಶಕರು 'ವಿಷಯ ಪ್ರಭುತ್ವ ಉತ್ತಮ, ಬೋಧನೋಪಕರಣ ಉತ್ತಮ' ಎಂದು ಬರೆದರು. ಆ ಅಧ್ಯಾಯದಲ್ಲಿ ಒಂದು ಚಟುವಟಿಕೆ ಇದೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಮನುಷ್ಯರಲ್ಲಿ ಹಿಮೋಗ್ಲೋಬಿನ್ ಎಷ್ಟಿರಬೇಕು, ಮಕ್ಕಳಲ್ಲಿ ದೊಡ್ಡವರಲ್ಲಿ, ಗಂಡಸರಲ್ಲಿ ಹೆಂಗಸರಲ್ಲಿ ವ್ಯತ್ಯಾಸವಿದೆಯೇ ಎಂದು ಕೇಳಿ ತಿಳಿಯಬೇಕು. ಪಶು ಆಸ್ಪತ್ರೆಗೂ ಹೋಗಿ ಹಸು-ಎಮ್ಮೆಗಳಲ್ಲಿ ಎಷ್ಟು ಎಂದು ಕೇಳಬೇಕು. ನಾನು ಅದನ್ನು ಪಾಠ ಯೋಜನೆಯಲ್ಲಿ 'ಮನೆಗೆಲಸ' ಎಂದು ಬರೆದು ಬಿಟ್ಟಿದ್ದೆ. ನನಗಿಂತ ಹಿಂದಿನವರ ಪಾಠ ಯೋಜನೆಗಳನ್ನು ಗ್ರಂಥಾಲಯದಲ್ಲಿ ತಿರುವಿ ನೋಡಿದೆ, ಅವರೂ ಹಾಗೆಯೇ ಮಾಡಿದ್ದರು. ಹುಡುಗಿ ಕುಸಿದು ಬಿದ್ದದ್ದು ಆ ಪಾಠವಾದ ಮರುವಾರ. ಎದುರಿಗಿದ್ದ ನನ್ನ ಬಾಯಲ್ಲಿ ಆಗ ಒಂದು ಮಾತೂ ಹೊರಡಲಿಲ್ಲ.

ಅವಳು ಶಾಲೆಗೆ ಬಾರದ ಮೂರನೆಯ ದಿನ, ಮುಖ್ಯ ಶಿಕ್ಷಕರ ಅನುಮತಿ ಕೇಳಿ ಒಂಬತ್ತು ಮತ್ತು ಹತ್ತನೇ ತರಗತಿಗಳನ್ನು ಒಟ್ಟಿಗೆ ಕೂರಿಸಿ ಒಂದು ಅವಧಿ ತೆಗೆದುಕೊಂಡೆ. ಪಾಠ ಯೋಜನೆ ಇರಲಿಲ್ಲ, ಆದ್ದರಿಂದ ಅದು ನನ್ನ ನಲವತ್ತು ಪಾಠಗಳ ಲೆಕ್ಕಕ್ಕೂ ಸೇರಿಲ್ಲ. ಸಿನಿಮಾದಿಂದಲೇ ಶುರು ಮಾಡಿದೆ. ತಲೆ ಸುತ್ತಿ ಬೀಳುವ ದೃಶ್ಯವನ್ನು ಅಭಿನಯಿಸಿ ಎಂದೆ, ಇಬ್ಬರು ಹುಡುಗರು ಅದ್ಭುತವಾಗಿ ಮಾಡಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ, ತಲೆ ಸುತ್ತಲು ಬೇರೆ ಏನೇನು ಕಾರಣ ಇರಬಹುದು ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋದೆವು. ಊಟ ಬಿಟ್ಟಿದ್ದು, ಬಿಸಿಲು, ಜ್ವರ, ರಕ್ತ ಕಡಿಮೆ. ರಕ್ತ ಹೆಚ್ಚಲು ಏನು ತಿನ್ನಬೇಕು ಎಂದಾಗ ಎಲ್ಲರ ಬಾಯಲ್ಲೂ ಬೀಟ್‌ರೂಟ್, ದಾಳಿಂಬೆ. ಕೆಂಪಗಿದೆ, ಅದಕ್ಕೆ. ರೀಲ್ಸ್‌ನಲ್ಲಿ ಹಾಗೇ ತೋರಿಸುತ್ತಾರೆ. ಮನೆಯ ಹಿತ್ತಲಿನ ನುಗ್ಗೆಸೊಪ್ಪು, ಹುರುಳಿ, ಎಳ್ಳು, ರಾಗಿ, ತಿನ್ನುವವರ ಮನೆಯಲ್ಲಿ ಈಲಿ, ಇವು ಯಾರಿಗೂ ಹೊಳೆಯಲಿಲ್ಲ. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿದರೆ ಯಾಕೆ ಒಳ್ಳೆಯದು ಎಂದು ವಿವರಿಸಿದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ ಒಂದು ಸೋಮವಾರ ನುಂಗಿ ಮಂಗಳವಾರ ಶಕ್ತಿ ಬರಲಿಲ್ಲ ಎನ್ನಬಾರದು, ವಾರಕ್ಕೊಂದೇ ನುಂಗಬೇಕು, ಎರಡು ನುಂಗಿದರೆ ಎರಡು ಪಟ್ಟು ಒಳ್ಳೆಯದಾಗುವುದಿಲ್ಲ ಎಂದೆ. ಊಟಿಯ ಸುದ್ದಿ ಹೇಳಿದೆ. ಕೊನೆಗೆ ಆ ಕಪ್ಪು ಮಲದ ಮಾತನ್ನೂ ಹೇಳಿದೆ. ಎರಡು ನಿಮಿಷ ತರಗತಿ ಕೈಗೆ ಸಿಗಲಿಲ್ಲ. ನಗು ಇಳಿದ ಮೇಲೆ ನಾಲ್ಕೈದು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆವತ್ತು ಎಮ್ಮೆಯ ಪ್ರಶ್ನೆಯನ್ನೂ ಓದಿದೆ. ಹಾಲು ಹಾಕುವ ಮನೆಯ ಒಬ್ಬ ಹುಡುಗ ಎದ್ದು, "ನಮ್ಮ ಎಮ್ಮೆ ಮೇವು ಬಿಟ್ರೆ ಡಾಕ್ಟ್ರನ್ನ ಕರೆಸ್ತೀವಿ ಮಿಸ್. ನಮ್ಮವ್ವ ದಿನಾ ಸುಸ್ತು ಅಂತಾಳೆ, ಯಾವತ್ತೂ ರಕ್ತ ನೋಡ್ಸಿಲ್ಲ" ಅಂದ. ಈ ಸಲ ಯಾರೂ ನಗಲಿಲ್ಲ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಎಂದು ಆ ಸಮೀಕ್ಷೆಯೇ ಹೇಳುತ್ತದೆ. ಅಳತೆಯ ತಕರಾರನ್ನು ಕಳೆದರೂ ಅದರಲ್ಲಿ ಅವನ ಅವ್ವ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಸಂಜೆ ಆಶಾ ಕಾರ್ಯಕರ್ತೆಯನ್ನು ಕೇಳು ಎಂದೆ.

ಶಿಕ್ಷಕರ ಕೊಠಡಿಯಲ್ಲಿ ಈ ವಿಷಯ ಎತ್ತಿದಾಗ ಹಿರಿಯ ಶಿಕ್ಷಕಿಯೊಬ್ಬರು ಸಿಟ್ಟಾದರು. "ಹಾಲಿನ ಪುಡಿ ಲೆಕ್ಕ ನಾವು, ಮೊಟ್ಟೆ ಲೆಕ್ಕ ನಾವು, ಮತದಾರರ ಪಟ್ಟಿ ನಾವು, ಸಮೀಕ್ಷೆ ನಾವು. ಈಗ ನರ್ಸ್ ಕೆಲಸವೂ ನಮ್ಮದೇನಾ? ನೀವು ಎರಡು ತಿಂಗಳು ಇದ್ದು ಹೋಗೋರು, ನಿಮಗೆ ಹುರುಪು." ಅವರ ಮಾತಿನಲ್ಲಿ ತಪ್ಪಿಲ್ಲ. ಮಾತ್ರೆ ಎಣಿಸುವುದು, ವಹಿ ತುಂಬುವುದು, ಆನ್‌ಲೈನಿನಲ್ಲಿ ಅದನ್ನೇ ಮತ್ತೆ ಏರಿಸುವುದು ಶಿಕ್ಷಕರ ಕೆಲಸ ಆಗಬಾರದು ಎಂದು ನಾನೂ ಒಪ್ಪುತ್ತೇನೆ. ಆ ಕೆಲಸಕ್ಕೆ ಆರೋಗ್ಯ ಇಲಾಖೆಯಿಂದ ಜನ ಬೇಕು. ಆದರೆ 'ಯಾಕೆ' ಎಂದು ಹೇಳುವುದು ಬೇರೆ ಯಾರ ಕೆಲಸ? ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ವೈದ್ಯರ ತಂಡ ಒಂದೇ ದಿನದಲ್ಲಿ ಇಡೀ ಶಾಲೆಯ ಹಲ್ಲು, ಕಣ್ಣು, ತೂಕ ನೋಡಿ ಹೋಗಬೇಕು. ವಾರಕ್ಕೆ ಆರು ದಿನ ಆ ಮಕ್ಕಳ ಮುಂದೆ ನಿಂತು ಕಬ್ಬಿಣ, ರಕ್ತ, ಕರುಳು ಎಂದು ಪಾಠ ಮಾಡುವವರು ನಾವು. ವ್ಯವಸ್ಥೆ ನಮ್ಮಿಂದ ಮಾಡಿಸುತ್ತಿರುವುದು ಎಣಿಕೆಯನ್ನು, ಬಿಟ್ಟಿರುವುದು ಪಾಠವನ್ನು. ನನ್ನ ತಕರಾರು ಇದು.

ನಮ್ಮ ಕಾಲೇಜಿನ ಬಗ್ಗೆಯೂ ಒಂದು ಸಣ್ಣ ತಕರಾರಿದೆ, ಗುರುಗಳು ಕ್ಷಮಿಸಬೇಕು. ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ಪೀಠಿಕೆಗೆ, ಧ್ವನಿಯ ಏರಿಳಿತಕ್ಕೆ, ಕಪ್ಪುಹಲಗೆಯ ಬಳಕೆಗೆ ಅಂಕವಿದೆ. ಪಠ್ಯದ ಚಟುವಟಿಕೆಯನ್ನು ನಿಜವಾಗಿ ಮಾಡಿಸಿದರೋ, 'ಮನೆಗೆಲಸ' ಎಂದು ಬರೆದು ಕೈ ತೊಳೆದುಕೊಂಡರೋ ಎಂಬುದಕ್ಕೆ ಒಂದು ಕಾಲಂ ಇಲ್ಲ. ಆ ಕಾಲಂ ಇದ್ದಿದ್ದರೆ ನಾನು ಥರ್ಮಾಕೋಲು ಕೊರೆಯುವುದಕ್ಕೆ ಕಳೆದ ಎರಡು ರಾತ್ರಿಗಳಲ್ಲಿ ಒಂದನ್ನಾದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪತ್ರ ಬರೆಯಲು ಬಳಸುತ್ತಿದ್ದೆ. ಮಾತ್ರೆಯ ದಿನ ಹತ್ತು ನಿಮಿಷ ಮಾತನಾಡುವುದನ್ನು ಒಂದು ಕಿರುಬೋಧನೆಯಾಗಿ ಒಪ್ಪಿಕೊಂಡರೆ ನಮ್ಮಲ್ಲಿ ಬಹಳ ಜನ ಮಾಡುತ್ತಾರೆ. ಅಂಕಕ್ಕಾಗಿಯೇ ಮಾಡಲಿ, ಅಡ್ಡಿಯಿಲ್ಲ.

ನಾವು ಆ ಶಾಲೆಯಲ್ಲಿದ್ದ ಕೊನೆಯ ಸೋಮವಾರವೂ ನಾನೇ ಮಾತ್ರೆ ಹಂಚಿದೆ. ಸಂಜೆ ಚರಂಡಿಯಲ್ಲಿ ಒಂಬತ್ತು ಮಾತ್ರೆಗಳಿದ್ದವು. ಈ ಸಲ ಎಣಿಸಿದೆ. ಮೊದಲ ದಿನ ಎಣಿಸದ ಕಾರಣ ಅದು ಕಡಿಮೆಯಾಯಿತೋ ಇಲ್ಲವೋ ಎಂದು ಪ್ರಾಮಾಣಿಕವಾಗಿ ಹೇಳಲಾರೆ.

ಕುಸಿದು ಬಿದ್ದಿದ್ದ ಹುಡುಗಿ ನಾಲ್ಕನೇ ದಿನ ಬಂದಳು. ಶಾಲೆಯ ಶಿಕ್ಷಕಿಯೊಬ್ಬರು ಅವಳ ತಾಯಿಯನ್ನು ಕರೆಸಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ನರ್ಸ್ ಕೆಲಸವೂ ನಮ್ಮದೇನಾ ಎಂದು ನನ್ನ ಮೇಲೆ ಸಿಟ್ಟಾದವರೇ ಅವರು. ಹಿಮೋಗ್ಲೋಬಿನ್ 8.6 ಬಂತು. ಇಷ್ಟು ಕಡಿಮೆಯಿದ್ದರೆ ವಾರದ ಮಾತ್ರೆ ಸಾಲದು ಎಂದು ವೈದ್ಯರು ದಿನವೂ ನುಂಗಲು ಬೇರೆ ಕೊಟ್ಟು, ತಿಂಗಳ ನಂತರ ಮತ್ತೆ ಬಂದು ತೋರಿಸಲು ಹೇಳಿದರಂತೆ. ಆ ತಿಂಗಳು ತುಂಬುವಷ್ಟರಲ್ಲಿ ನಮ್ಮ ಬೋಧನಾಭ್ಯಾಸ ಮುಗಿದಿತ್ತು. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವವರು ಹೊರಡುವ ಮುಂಚೆ ನನ್ನನ್ನೊಮ್ಮೆ ಕಾಣಿ. ಅವಳು ಯಾವ ತರಗತಿಯ ಯಾವ ಬೆಂಚಿನವಳು ಎಂದು ಹೇಳುತ್ತೇನೆ. ಎರಡನೇ ಸಲ ರಕ್ತ ತೋರಿಸಿದಳೋ ಇಲ್ಲವೋ ಕೇಳಬೇಕಿದೆ.